ಸಿಗಡಿಯ ಬಲೆಯೂ ಬೇಡದ ಬೇಟೆಯೂ

ಸಿಗಡಿಯು ಕಡಲತಳವನ್ನು ಆಶ್ರಯಿಸಿ ಬಾಳುವ ಜೀವಿ. ಅದನ್ನು ಹಿಡಿಯಲು ಯಾಂತ್ರಿಕ ದೋಣಿಗಳು ತಳವನ್ನು ಸವರುವ ಟ್ರಾಲ್ ಬಲೆಯನ್ನು ಎಳೆಯುತ್ತವೆ. ಸಿಗಡಿ ಕಿರಿದಾದುದರಿಂದ ಬಲೆಯ ಕಣ್ಣೂ ಕಿರಿದಾಗಿರಲೇಬೇಕು. ಇದರ ಫಲವಾಗಿ ಮೀನಿನ ಮರಿಗಳು, ಏಡಿಗಳು, ಒಮ್ಮೊಮ್ಮೆ ಕಡಲಾಮೆಗಳು ಕೂಡ ಸೆರೆಯಾಗುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 1994ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನ ಮೀನುಗಾರರು ಹಿಡಿದು ಮರಳಿ ಕಡಲಿಗೆಸೆಯುತ್ತಿದ್ದುದು ವರ್ಷಕ್ಕೆ ಸುಮಾರು 2.7 ಕೋಟಿ ಟನ್ನು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಿಗಡಿ ಟ್ರಾಲಿನದು. 2019ರ ಅಂದಾಜು ಒಟ್ಟು 91 ಲಕ್ಷ ಟನ್ನಿಗೆ ಇಳಿದಿದೆಯಾದರೂ ಅದೇನೂ ಅಲ್ಪವಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಸರಳವಾದುದು. ನಾರ್ವೆಯ ನೂರ್‌ಮೊರೆ ಪ್ರಾಂತದ ಮೀನುಗಾರರು ಬಲೆಗೆ ನುಗ್ಗುವ ಲೋಳೆಮೀನುಗಳನ್ನು ಹೊರಹಾಕಲು ಬಲೆಯೊಳಗೆ ಓರೆಯಾಗಿ ಒಂದು ಸರಳಿನ ಜಾಲರಿಯನ್ನು ನಿಲ್ಲಿಸಿದರು. ಸರಳುಗಳ ನಡುವಣ 19 ಮಿಲಿಮೀಟರ್ ಸಂದಿಯಲ್ಲಿ ಸಿಗಡಿ ನುಸುಳಿ ಹಿಂದಿನ ಚೀಲವನ್ನು ಸೇರುತ್ತದೆ. ದೊಡ್ಡ ಮೀನು ಜಾಲರಿಯ ಮೇಲೆ ಜಾರಿ, ಮೇಲ್ಭಾಗದ ಕಿಂಡಿಯಿಂದ ಪಾರಾಗುತ್ತದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ಇದು ಕಡ್ಡಾಯವಾಯಿತು. ಆದರೆ ಸಿಗಡಿಯಷ್ಟೇ ಗಾತ್ರದ ಮರಿಮೀನನ್ನು ಜಾಲರಿಯು ಬೇರ್ಪಡಿಸಲಾರದೆಂಬುದು ಇದರ ಮಿತಿ.

ಆಮೆಗಳನ್ನುಳಿಸುವ ಸಾಧನದ ತತ್ತ್ವವೂ ಇದೇ. ಸರಳುಗಳ ಸಂದಿ ಮಾತ್ರ ಅಗಲ. ಒಡಿಶಾದ ಗಹಿರ್‌ಮಥಾ ತೀರಕ್ಕೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳ ನಿಮಿತ್ತ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ನಮ್ಮ ದೋಣಿಗಳಿಗೊಪ್ಪುವ ಸಾಧನವೊಂದನ್ನು ರೂಪಿಸಿತು. ಇಂತಹ ಸಾಧನವಿಲ್ಲದೆ ಹಿಡಿದ ಸಿಗಡಿಯನ್ನು ಅಮೆರಿಕವು ತಡೆದಾಗ ಭಾರತವೂ ಇತರ ಮೂರು ದೇಶಗಳೂ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರಿತ್ತವು. 1998ರ ತೀರ್ಪು ಆಮೆಗಳ ರಕ್ಷಣೆಯ ಉದ್ದೇಶವನ್ನೊಪ್ಪಿ, ಅದನ್ನು ದೇಶದೇಶಗಳ ನಡುವೆ ಪಕ್ಷಪಾತದಿಂದ ಜಾರಿಗೊಳಿಸಿದ ರೀತಿಯನ್ನು ತಪ್ಪೆಂದಿತು. 2019ರಲ್ಲಿ ಅಮೆರಿಕವು ಭಾರತದ ಕಡಲಸಿಗಡಿಗೆ ಮತ್ತೆ ಬಾಗಿಲು ಮುಚ್ಚಿತು.

ಸಾಧನವಿದ್ದೂ ಅದರ ಬಳಕೆ ಬೇರೂರದಿರುವುದೇಕೆ? ಉತ್ತರವು ಲೆಕ್ಕದ ಪುಸ್ತಕದಲ್ಲಿದೆ. ಕಿಂಡಿಯಿಂದ ಒಂದಷ್ಟು ಸಿಗಡಿಯೂ ತಪ್ಪಿಹೋಗುತ್ತದೆ. ಮೇಲಾಗಿ ನಮ್ಮ ಕರಾವಳಿಯಲ್ಲಿ ಮರಿಮೀನು ವ್ಯರ್ಥವಲ್ಲ. ಮೀನುಹಿಟ್ಟಿನ ಕಾರ್ಖಾನೆಗಳು ಅದನ್ನು ಕೊಳ್ಳುತ್ತವೆ. ಸಾಲದ ಕಂತು ಕಟ್ಟಬೇಕಾದ ದೋಣಿಯೊಡೆಯನಿಗೆ ಈ ನಷ್ಟ ಇಂದಿನದು, ಅವನೊಬ್ಬನದು. ಬದುಕುಳಿದ ಮರಿ ಬೆಳೆದಾಗಿನ ಲಾಭವಾದರೋ ನಾಳಿನದು, ಎಲ್ಲರದು. ಒಬ್ಬನು ಬಿಟ್ಟ ಮೀನನ್ನು ನೆರೆಯ ದೋಣಿಯವನು ಹಿಡಿಯುವನಾದರೆ ಬಿಡುವವರಾರು? ಆದುದರಿಂದ ನಿಯಮವು ಎಲ್ಲ ದೋಣಿಗಳಿಗೂ ಏಕಕಾಲಕ್ಕೆ ಅನ್ವಯಿಸಬೇಕು. ಆರಂಭದ ನಷ್ಟದಲ್ಲಿ ಸಮಾಜವೂ ಪಾಲು ಹೊರಬೇಕು. ಕಡಲು ಎಲ್ಲರ ಮೂಲಧನ. ಬಡ್ಡಿಯನ್ನುಂಡು ಅಸಲನ್ನುಳಿಸುವ ವಿವೇಕ ಅಲ್ಲಿಯೂ ಸಲ್ಲತಕ್ಕುದು.