ಒಂದು ಅಂಗಳ ದಾಟಿದರೆ ಒಂದನೇ ತರಗತಿ

ಟಿ. ನರಸೀಪುರದಿಂದ ಹೊರಟ ಬಸ್ಸು ನಾಲೆಯ ಸೇತುವೆ ದಾಟಿದ ಮೇಲೆ ಸಿಗುವ ಊರು ಅದು. ಅರಳಿಕಟ್ಟೆಯ ಮುಂದೆ ಇಳಿದು ಎಡಕ್ಕೆ ತಿರುಗಿದರೆ ಹಾಲಿನ ಡೇರಿ, ಅದರ ಹಿಂದೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಶಾಲೆಯ ಕಾಂಪೌಂಡಿನೊಳಗೇ, ಹೊಂಗೆಮರದ ಪಕ್ಕ, ಹಳದಿ ಬಣ್ಣದ ಪುಟ್ಟ ಕಟ್ಟಡವೊಂದಿದೆ. ಅದು ಅಂಗನವಾಡಿ. ಅದರ ಬಾಗಿಲಿಗೂ ಒಂದನೇ ತರಗತಿಯ ಬಾಗಿಲಿಗೂ ನಡುವೆ ಇರುವುದು ಒಂದು ಅಂಗಳ ಮಾತ್ರ. ಬರುವ ಜೂನ್‌ನಲ್ಲಿ ಇಲ್ಲಿನ ದೊಡ್ಡ ಮಕ್ಕಳು ಈ ಅಂಗಳ ದಾಟಬೇಕು. ಅವರನ್ನು ಹೇಗೆ ಅಣಿಗೊಳಿಸುತ್ತಾರೆ ಎಂದು ನೋಡಲು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ.

ಈ ತಾಲ್ಲೂಕನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದ ಮೊದಲ ತಾಣ ಟಿ. ನರಸೀಪುರ. ಆಗ ಇಲ್ಲಿ ತೆರೆದದ್ದು 100 ಅಂಗನವಾಡಿಗಳು. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚಿವೆ. ಅಂಗನವಾಡಿಯ ಬೇರು ಇನ್ನೂ ಹಿಂದಿನದು. ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಡವರ ಮಕ್ಕಳಿಗಾಗಿ ಬಾಲಶಿಕ್ಷಣ ಆರಂಭಿಸಿದರು. ಶಾಲೆಯ ಕಡೆಗೆ ಬಾರದ ಮಕ್ಕಳಿದ್ದ ಕೇರಿಗೆ ತಾವೇ ಹೋಗಿ, ಅವರ ಮನೆಯಂಗಳದಲ್ಲೇ ಕೂತು ಕಲಿಸಿದರು. ಮಗು ಇರುವಲ್ಲಿಗೆ ಶಾಲೆ ಹೋಗಬೇಕು ಎಂಬ ಆ ತಿಳಿವಳಿಕೆಯೇ ಈ ಹಳದಿ ಕಟ್ಟಡದ ಅಡಿಪಾಯ.

ಬಾಗಿಲಲ್ಲಿ

ಒಂಬತ್ತೂವರೆ. ಬಾಗಿಲ ಹೊರಗೆ ಗೋಡೆಯುದ್ದಕ್ಕೂ ಸುಣ್ಣದಲ್ಲಿ ಪಾದದ ಜೋಡಿಗಳನ್ನು ಬರೆದಿದ್ದಾರೆ. ಬಂದ ಮಗು ಚಪ್ಪಲಿ ಬಿಚ್ಚಿ, ಎಡದ್ದನ್ನು ಎಡಪಾದದ ಮೇಲೆ, ಬಲದ್ದನ್ನು ಬಲಪಾದದ ಮೇಲೆ ಇಡಬೇಕು. ಹಸಿರು ಲಂಗದ ಹುಡುಗಿಯೊಬ್ಬಳು ಅದಲುಬದಲು ಇಟ್ಟಳು. ನಿಂತು ನೋಡಿದಳು. ಕೂತು, ಕಾಲಿಗೆ ಹಾಕಿ ನೋಡಿ, ಮತ್ತೆ ಬಿಚ್ಚಿ ಸರಿಯಾಗಿ ಇಟ್ಟಳು. ಅಷ್ಟು ಹೊತ್ತೂ ಕಾರ್ಯಕರ್ತೆ ಬಾಗಿಲಲ್ಲೇ ನಿಂತಿದ್ದರು, ಕೈ ಚಾಚಲಿಲ್ಲ. "ನಾನು ಇಟ್ಟುಕೊಟ್ರೆ ಅರ್ಧ ನಿಮಿಷ ಸಾಕು. ಆದ್ರೆ ಜೂನ್‌ನಲ್ಲಿ ನಾನು ಅಲ್ಲಿರಲ್ವಲ್ಲ" ಎಂದರು.

ಅಷ್ಟರಲ್ಲಿ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆತಂದರು. ಹುಡುಗ ಸೆರಗು ಬಿಡಲೊಲ್ಲ. ಅವನ ಗಮನ ಬೇರೆ ಕಡೆ ಹೋದಾಗ ಮೆಲ್ಲನೆ ಜಾರಿಕೊಳ್ಳಲು ಅಜ್ಜಿ ನೋಡಿದರು. ಕಾರ್ಯಕರ್ತೆ ತಡೆದರು: "ಹೇಳಿ ಹೋಗಿ ಅಜ್ಜಿ. ಕದ್ದು ಹೋಗಬೇಡಿ." ಅಜ್ಜಿ ಮೊಮ್ಮಗನ ಮುಂದೆ ಕೂತು, "ಊಟ ಆದ್ಮೇಲೆ ಬತ್ತೀನಿ ಕಣ್ ಮಗ" ಎಂದು ಗಲ್ಲ ಸವರಿ ಹೊರಟರು. ಹುಡುಗ ಅತ್ತ. ಸ್ವಲ್ಪ ಹೊತ್ತಿಗೆ ಸುಮ್ಮನಾಗಿ ಚಾಪೆಯ ಕಡೆ ನಡೆದ. ಹೇಳಿ ಹೋದವರು ಹೇಳಿದ ಹೊತ್ತಿಗೆ ಬರುತ್ತಾರೆ ಎಂಬ ನಂಬಿಕೆ ಮಗುವಿನಲ್ಲಿ ದಿನದಿನವೂ ಕೂಡಿಬರಬೇಕು. ಕದ್ದು ಹೋದರೆ ಆ ಕ್ಷಣದ ಅಳು ತಪ್ಪುತ್ತದೆ, ಆದರೆ ಮರುದಿನ ಮಗು ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಶಾಲೆಗೆ ಹೊರಡುವ ಮಗುವಿಗೆ ಬೇಕಾದ ಮೊದಲ ಬಲ ಈ ನಂಬಿಕೆ.

ಚಾಪೆಯ ಮೇಲೆ

ಒಳಗೆ ಮಕ್ಕಳೆಲ್ಲ ಸುತ್ತ ಕೂತಿದ್ದರು. ಚಪ್ಪಾಳೆ ಆಟ ನಡೆಯುತ್ತಿತ್ತು. ಕಾರ್ಯಕರ್ತೆ ಒಂದು ಪದ ಹೇಳುತ್ತಾರೆ, ಮಕ್ಕಳು ಅದನ್ನು ಬಿಡಿಸಿ ತಟ್ಟುತ್ತಾರೆ. ಮನೆ: ಎರಡು ಚಪ್ಪಾಳೆ. ಚಪಾತಿ: ಮೂರು. ತರಕಾರಿ: ನಾಲ್ಕು. ಆಮೇಲೆ ಪ್ರತಿ ಮಗುವೂ ತನ್ನ ಹೆಸರನ್ನು ತಟ್ಟಬೇಕು. ಕಿವಿಗೆ ಹೀಗೆ ಬಿಡಿಬಿಡಿಯಾಗಿ ಕೇಳಿಸಿದ್ದನ್ನೇ ಕನ್ನಡದಲ್ಲಿ ಒಂದೊಂದು ಅಕ್ಷರವಾಗಿ ಬರೆಯುತ್ತೇವೆ. 'ಚಪಾತಿ'ಯನ್ನು ಮೂರು ಸಲ ತಟ್ಟಬಲ್ಲ ಮಗುವಿಗೆ ನಾಳೆ ಹಲಗೆಯ ಮೇಲೆ ಆ ಮೂರು ಅಕ್ಷರ ಕಂಡಾಗ ಅರ್ಧ ಕೆಲಸ ಮುಗಿದಿರುತ್ತದೆ. ಬಳಪ ಹಿಡಿಸದೆಯೇ ಓದಿಗೆ ನೆಲ ಹಸನಾಗುತ್ತಿತ್ತು.

ಮಕ್ಕಳಲ್ಲಿ ಒಬ್ಬ ಹುಡುಗನ ಮನೆಮಾತು ಉರ್ದು. ಅವನ ಸರದಿ ಬಂದಾಗ 'ಪಾನಿ' ಎಂದು ಎರಡು ಚಪ್ಪಾಳೆ ತಟ್ಟಿದ. "ಸರಿ, ಪಾನಿ ಎರಡು. ನೀರು ಎಷ್ಟು?" ಎಂದು ಕಾರ್ಯಕರ್ತೆ ಕೇಳಿದರು. "ನೀರೂ ಎರಡು" ಎಂದ. ಅವನ ಮಾತನ್ನು ತಪ್ಪು ಎನ್ನದೆ, ಅದರ ಪಕ್ಕದಲ್ಲೇ ಕನ್ನಡವನ್ನು ಕೂರಿಸಿದ ರೀತಿ ನನಗೆ ಬಹಳ ಹಿಡಿಸಿತು. ಮನೆಮಾತಿಗೆ ಮರ್ಯಾದೆ ಸಿಕ್ಕ ಮಗು ಶಾಲೆಯ ಮಾತಿಗೂ ಬಾಯಿ ತೆರೆಯುತ್ತದೆ.

ಗೋಡೆಯ ಬದಿಯಲ್ಲಿ ನಾಲ್ಕು ಮಕ್ಕಳ ಮುಂದೆ ಒಂದು ಮೊರ. ಅದರಲ್ಲಿ ಹುಣಸೆಬೀಜ, ಅವರೆಕಾಳು, ಹುರುಳಿ ಬೆರೆಸಿದ್ದರು. ಮೂರು ಕರಟಗಳಿಗೆ ಬೇರೆಬೇರೆಯಾಗಿ ಆರಿಸಿ ಹಾಕಬೇಕು. ಹುಣಸೆಬೀಜ ಸುಲಭವಾಗಿ ಬಂತು. ಹುರುಳಿ ಮಾತ್ರ ಬೆರಳ ಸಂದಿಯಿಂದ ಜಾರುತ್ತಿತ್ತು. ಹೆಬ್ಬೆರಳು ಮತ್ತು ತೋರುಬೆರಳ ತುದಿ ಕೂಡಿಸಿ, ಉಸಿರು ಬಿಗಿಹಿಡಿದು, ನಾಲಿಗೆ ಹೊರಚಾಚಿ ಒಬ್ಬ ಹುಡುಗ ಒಂದೊಂದೇ ಕಾಳನ್ನು ಎತ್ತಿ ಹಾಕಿದ. ಪೆನ್ಸಿಲ್ ಹಿಡಿಯಲು ಬೇಕಾಗುವುದು ಇದೇ ಹಿಡಿತ. ಬೆರಳು ಬಲಿಯುವ ಮೊದಲೇ ಮೂರೂವರೆ ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಕಾಪಿ ಬರೆಸುವವರು ಈ ಮೊರದ ಮುಂದೆ ಒಂದಿಷ್ಟು ಹೊತ್ತು ಕೂರಬೇಕು. ಆರಿಸಿದ ಮೇಲೆ ಯಾವ ಕರಟದಲ್ಲಿ ಹೆಚ್ಚು, ಯಾವುದರಲ್ಲಿ ಕಡಿಮೆ ಎಂಬ ಮಾತು ಬಂತು. ಲೆಕ್ಕದ ಪಾಠ ಶುರುವಾಗುವುದೇ ಅಲ್ಲಿ.

ಹೊಂಗೆಯ ನೆರಳಲ್ಲಿ

ಬಿಸಿಲೇರುವ ಮುನ್ನ ಆಟ ಹೊರಗೆ. ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ: ಕೆರೆ–ದಡ. 'ಕೆರೆ' ಎಂದರೆ ಮುಂದಕ್ಕೆ ನೆಗೆಯಬೇಕು, 'ದಡ' ಎಂದರೆ ಹಿಂದಕ್ಕೆ. ಕೆರೆ, ದಡ, ಕೆರೆ, ದಡ ಎಂದು ಲಯ ಹಿಡಿಸಿ, ತಟ್ಟನೆ 'ದಡ, ದಡ' ಎಂದಾಗ ಅರ್ಧ ಮಕ್ಕಳು ಕೆರೆಗೆ ಬಿದ್ದರು. ನಗುವೋ ನಗು. ನಮ್ಮ ಅಜ್ಜಿಯರ ಕಾಲದ ಈ ಆಟ ಕಲಿಸುವುದು ಸಣ್ಣ ವಿದ್ಯೆಯನ್ನಲ್ಲ. ಕಿವಿಗೊಟ್ಟು ಕೇಳಬೇಕು, ನೆಗೆಯಲು ಸಿದ್ಧವಾದ ಕಾಲನ್ನು ತಡೆಹಿಡಿಯಬೇಕು, ಔಟಾದರೆ ಅಳದೆ ಪಕ್ಕಕ್ಕೆ ಸರಿದು ಮುಂದಿನ ಆಟಕ್ಕೆ ಕಾಯಬೇಕು. ತರಗತಿಯಲ್ಲಿ ತನ್ನ ಸರದಿಗೆ ಕಾಯುವ, ಹೇಳಿದ್ದನ್ನು ಕೊನೆಯವರೆಗೆ ಕೇಳುವ ಶಕ್ತಿ ಇಲ್ಲೇ ಬೆಳೆಯುತ್ತದೆ.

ಆಟ ಮುಗಿದ ಮೇಲೆ ಕೈತೊಳೆಯುವ ಸಾಲು, ಆಮೇಲೆ ಹಾಲು. ತಟ್ಟೆ ತರುವುದು, ಚೆಲ್ಲದಂತೆ ಲೋಟ ಹಿಡಿಯುವುದು, ತಿಂದ ಜಾಗ ಒರೆಸುವುದು ಮಕ್ಕಳದೇ ಕೆಲಸ. ಶೌಚಕ್ಕೆ ಹೋಗಬೇಕೆಂದರೆ ಎದ್ದುಬಂದು ಬಾಯಿಬಿಟ್ಟು ಹೇಳಬೇಕೆಂಬುದು ಇಲ್ಲಿನ ನಿಯಮ. ಒಬ್ಬ ಪುಟ್ಟ ಹುಡುಗಿ ಕಾಲು ಹೆಣೆದುಕೊಂಡು ನಿಂತಿದ್ದಳು. ಸಹಾಯಕಿಗೆ ಗೊತ್ತಾದರೂ, "ಏನು ಮಗ, ಹೇಳು" ಎಂದು ಕಾದರು. "ಒಂದಕ್ಕೆ ಹೋಗ್ಬೇಕು" ಎಂಬ ಮಾತು ಬಂದ ಮೇಲೆಯೇ ಕರೆದೊಯ್ದರು. ಒಂದನೇ ತರಗತಿಯ ಮೊದಲ ವಾರಗಳಲ್ಲಿ ಮಕ್ಕಳು ಹೆಚ್ಚು ನೋಯುವುದು ಈ ಒಂದು ಮಾತು ಹೇಳಲಾಗದೆ. ಬಟ್ಟೆ ಒದ್ದೆಯಾಗಿ, ಉಳಿದವರು ನಕ್ಕು, ಮರುದಿನ ಹೊಟ್ಟೆನೋವಿನ ನೆಪ ಹೇಳುವ ಮಗುವಿಗೆ ಓದು ಕಷ್ಟವಾಗಿರುವುದಿಲ್ಲ, ಅಲ್ಲಿ ಕೇಳಲು ಧೈರ್ಯ ಬಂದಿರುವುದಿಲ್ಲ.

ಕೋಣೆಯ ಮೂಲೆಯಲ್ಲಿ ತೂಕದ ಯಂತ್ರ, ಪಕ್ಕದ ಗೋಡೆಯಲ್ಲಿ ಎತ್ತರ ಅಳೆಯುವ ಪಟ್ಟಿ. ಶಾಲೆಗೆ ಹೊರಡುವ ವಯಸ್ಸಿಗೆ ಆರೋಗ್ಯದ ಕೆಲಸವೂ ಇದೆ. ಡಿಪಿಟಿಯ ಎರಡನೇ ಬೂಸ್ಟರ್ ಚುಚ್ಚುಮದ್ದು 5ರಿಂದ 6 ವರ್ಷದೊಳಗೆ ಬೀಳಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಶಾಲೆಗೆ ಸೇರಿದ ಮೇಲೆ ಅದು ವರ್ಷಕ್ಕೆ ಒಂದೇ ಸಲ. ಹಾಗಾಗಿ ಕಣ್ಣು, ಕಿವಿ ಪರೀಕ್ಷಿಸಿಕೊಳ್ಳಲು ಇದೇ ಒಳ್ಳೆಯ ಹೊತ್ತು. ಕರೆದರೆ ತಿರುಗದ ಮಗುವನ್ನು ಮೊಂಡ ಎಂದು ಗದರಿಸುವ ಮೊದಲು ಅದರ ಕಿವಿ ತೋರಿಸಬೇಕು.

ಅಂಗಳದ ಆಚೆ

ಮಾರ್ಚ್‌ನಲ್ಲಿ ಕಾರ್ಯಕರ್ತೆ ಮಾಡುವ ಒಂದು ಕೆಲಸವಿದೆ. ಜೂನ್‌ಗೆ ಹೊರಡುವ ಮಕ್ಕಳನ್ನು ಆಗಾಗ ಒಂದನೇ ತರಗತಿಗೆ ಕರೆದೊಯ್ದು ಸ್ವಲ್ಪ ಹೊತ್ತು ಕೂರಿಸುತ್ತಾರೆ. ಅವತ್ತು ನಾನೂ ಜೊತೆಗೆ ಹೋದೆ. ಅದು ನಲಿ–ಕಲಿ ಕೋಣೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ತೂಗುಹಾಕಿದ ಕಲಿಕಾ ಚಪ್ಪರ. ಗೋಡೆಯ ಕೆಳಭಾಗದುದ್ದಕ್ಕೂ ಮಕ್ಕಳ ಕೈಗೆಟಕುವ ಕಪ್ಪುಹಲಗೆ. ಒಂದು, ಎರಡು, ಮೂರನೇ ತರಗತಿಯವರು ಬೆರೆತು ನೆಲದ ಮೇಲೆ ಗುಂಪುಗುಂಪಾಗಿ ಕೂತಿದ್ದರು. 1995ರಲ್ಲಿ ಇದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಇದು. 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿ ಶಿಕ್ಷಕಿ ಒಂದು ಮಾತು ಹೇಳಿದರು. ಎಲ್ಲ ತಂದೆತಾಯಿಯರೂ ಕೇಳಬೇಕಾದ ಮಾತದು. ನಲಿ–ಕಲಿಯಲ್ಲಿ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಅಕ್ಷರ ಬಂದ ತಕ್ಷಣ ಮಗು 'ಸರ', 'ಅರಸ', 'ಗರಗಸ' ಎಂದು ಓದಿಬಿಡುತ್ತದೆ. "ಮನೇಲಿ ಹೊಡೆದು ಬಡಿದು ಐವತ್ತಕ್ಷರ ಬಾಯಿಪಾಠ ಮಾಡಿಸಿ ಕಳಿಸ್ತಾರೆ. ಅದರ ಬದಲು ಕಥೆ ಹೇಳಿ ಕಳಿಸಲಿ, ಮಿಕ್ಕದ್ದು ನಾನು ನೋಡ್ಕೋತೀನಿ" ಎಂದರು. ಒಂದನೇ ತರಗತಿಗೆ ಬಂದವರಿಗೆ ಮೊದಲಿಗೆ ಆಟ, ಮಾತು, ಚಟುವಟಿಕೆಯ 'ವಿದ್ಯಾಪ್ರವೇಶ' ಇರುತ್ತದೆ. ಪಠ್ಯ ಅದರ ನಂತರ. ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತವಾಗಿ ನೋಡಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

ಹಸಿರು ಲಂಗದ ಹುಡುಗಿ ಹೋಗಿ ಕೂತದ್ದು ಮೂರನೇ ತರಗತಿಯ ತನ್ನ ಅಕ್ಕನ ಪಕ್ಕದಲ್ಲಿ. ಅಕ್ಕ ತನ್ನ ಚಿತ್ರದ ಕಾರ್ಡನ್ನು ಅವಳ ಕಡೆ ಸರಿಸಿದಳು. ವಾಪಸು ಬರುವಾಗ ಕಾರ್ಯಕರ್ತೆ ಮಕ್ಕಳಿಗೆ ನೀರಿನ ನಲ್ಲಿ ತೋರಿಸಿದರು, ಬಿಸಿಯೂಟದ ಕೋಣೆ ತೋರಿಸಿದರು, ಶೌಚಾಲಯದ ಬಾಗಿಲು ತೆಗೆದು ತೋರಿಸಿದರು. ಅದರ ಚಿಲಕ ನನ್ನ ಎದೆಯ ಎತ್ತರಕ್ಕಿತ್ತು. ಒಬ್ಬ ಹುಡುಗ ತುದಿಗಾಲಲ್ಲಿ ನಿಂತು ಕೈ ಚಾಚಿದ. ಎಟುಕಲಿಲ್ಲ.

ಬೇಸಿಗೆಯ ಕೆಲಸ

ಮಧ್ಯಾಹ್ನ ಕರೆದೊಯ್ಯಲು ಬಂದ ತಾಯಂದಿರ ಮೊದಲ ಪ್ರಶ್ನೆ ವಯಸ್ಸಿನದು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ರಾಜ್ಯದ ನಿಯಮ 2025–26ರಿಂದ ಜಾರಿಗೆ ಬಂದಿದೆ. ಆ ಮೊದಲ ವರ್ಷಕ್ಕೆ ಮಾತ್ರ, ಪೂರ್ವ ಪ್ರಾಥಮಿಕ ಮುಗಿಸಿದವರಿಗೆ 5 ವರ್ಷ 5 ತಿಂಗಳೆಂದು ಸಡಿಲಿಸಿದ್ದರು. ಒಂದು ವರ್ಷ ಹಾಳಾಯಿತೆಂದು ಕೊರಗುವವರಿಗೆ ನಾನು ಹೇಳುವುದಿಷ್ಟೆ: ಮೊರದ ಮುಂದೆ, ಕೆರೆ–ದಡದ ಗೆರೆಯ ಮೇಲೆ ಕಳೆದ ವರ್ಷ ಹಾಳಾದ ವರ್ಷವಲ್ಲ. ಪೇಟೆಯಲ್ಲಿ ಸೇರ್ಪಡೆಗೆಂದು ಪುಟ್ಟ ಮಕ್ಕಳನ್ನು ಪ್ರಶ್ನೆ ಕೇಳಿ ಆರಿಸುವ ಶಾಲೆಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಅದನ್ನು ನಿಷೇಧಿಸುತ್ತದೆ. ಮಗುವನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 17ನೇ ಸೆಕ್ಷನ್ ತಡೆಯುತ್ತದೆ. ಹಾಗಿರುವಾಗ "ತಡಿ, ಸ್ಕೂಲಿಗೆ ಹೋಗು, ಮೇಷ್ಟ್ರು ಸರಿಮಾಡ್ತಾರೆ" ಎಂದು ಮನೆಯವರೇ ಹೆದರಿಸುವುದು ದೊಡ್ಡ ಅನ್ಯಾಯ. ನೋಡದ ಶಾಲೆಯ ಮೇಲೆ ಮಗುವಿನ ಮನಸ್ಸಿನಲ್ಲಿ ಭಯ ಬಿತ್ತಿದರೆ ಅದನ್ನು ಕೀಳಲು ಶಿಕ್ಷಕಿಗೆ ತಿಂಗಳುಗಳೇ ಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಗುಂಡಿ ಹಾಕಿಕೊಳ್ಳಲು, ಚಡ್ಡಿಯ ಹುಕ್ಕು ಬಿಚ್ಚಲು, ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು, ಕೈಯಿಂದ ತಾನೇ ಉಣ್ಣಲು ಬಿಡಿ. ತಡವಾದರೂ ಕಾಯಿರಿ. ಮಧ್ಯಾಹ್ನದ ನಿದ್ದೆಯನ್ನು ಮೆಲ್ಲಗೆ ಕಡಿಮೆ ಮಾಡಿ, ರಾತ್ರಿ ಬೇಗ ಮಲಗಿಸಿ. ಮಲಗುವ ಮುಂಚೆ ಒಂದು ಕಥೆ ಹೇಳಿ, ಮರುದಿನ ಅದೇ ಕಥೆಯನ್ನು ಮಗುವಿನ ಬಾಯಲ್ಲಿ ಕೇಳಿ. ಸಂತೆಗೆ ಕರೆದೊಯ್ದು ನಿಂಬೆಹಣ್ಣು ಎಣಿಸಿ ಚೀಲಕ್ಕೆ ಹಾಕಿಸಿ. ಅಳುವ ಮಗುವಿಗೆ "ಇಷ್ಟು ದೊಡ್ಡವನಾಗಿ ಅಳ್ತೀಯಾ" ಎನ್ನಬೇಡಿ.

ಇನ್ನು ಶಾಲೆಯ ಪಾಲು. ಆರು ವರ್ಷದ ಮಗು ಇಷ್ಟೆಲ್ಲ ಕಲಿತು ಅಂಗಳ ದಾಟಿ ಬರುವಾಗ, ಆಚೆ ಬದಿಯಲ್ಲಿ ಕಾಯುವವರೂ ಒಂದಿಷ್ಟು ಸಿದ್ಧವಾಗಿರಬೇಕು. ಮೊದಲ ವಾರ ಅಂಗನವಾಡಿ ಕಾರ್ಯಕರ್ತೆ ತರಗತಿಗೆ ಬಂದು ಹೋಗುವಂತಾಗಲಿ. ಯಾವ ಮಗು ಏನು ಹೇಳಿದರೆ ಸಮಾಧಾನವಾಗುತ್ತದೆ, ಯಾರ ಮನೆಮಾತು ಯಾವುದು ಎಂಬುದನ್ನು ಅವರು ಶಿಕ್ಷಕಿಗೆ ಹೇಳಲಿ. ಈ ತಿಳಿವಳಿಕೆ ಯಾವ ದಾಖಲೆಯಲ್ಲೂ ಇರುವುದಿಲ್ಲ, ಅದನ್ನು ಬಾಯಿಮಾತಿನಲ್ಲೇ ದಾಟಿಸಬೇಕು. ಪ್ರತಿ ಸರ್ಕಾರಿ ಶಾಲೆಗೂ ತಂದೆತಾಯಿಯರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಬೇಸಿಗೆ ರಜೆಯಲ್ಲಿ ಸಮಿತಿಯವರು ಒಮ್ಮೆ ಮಂಡಿಯೂರಿ, ಮಗುವಿನ ಎತ್ತರದಿಂದ ಶಾಲೆಯನ್ನು ನೋಡಲಿ: ನಲ್ಲಿ ಎಟುಕುತ್ತದೆಯೇ, ಶೌಚಾಲಯದಲ್ಲಿ ಬೆಳಕಿದೆಯೇ, ಚಿಲಕಕ್ಕೆ ಕೈ ಸಿಗುತ್ತದೆಯೇ ಎಂದು. ಒಂದು ಚಿಲಕ ಕೆಳಗಿಳಿಸಲು ಬಡಗಿಗೆ ಅರ್ಧ ಗಂಟೆ ಸಾಕು. ಶಾಲೆ ತೆರೆಯುವ ಮುನ್ನ ಆ ಅರ್ಧ ಗಂಟೆಯ ಕೆಲಸ ಮುಗಿದಿರಲಿ.