ಹುಂಜಕ್ಕೆ ಸೊಸೈಟಿಯ ಪರವಾನಗಿ ಇಲ್ಲ

ಮುಂಬೈಯಲ್ಲಿ ಕೋಳಿ ಸಾಕಿದ್ದೇನೆ ಎಂದಾಗಲೆಲ್ಲ ಅಂಧೇರಿಯ ಆಫೀಸಿನಲ್ಲಿ ಬರುವ ಮೊದಲ ಪ್ರಶ್ನೆ, "ಜಾಗ ಎಲ್ಲಿದೆ?" ಕುಂದಾಪುರದ ಕಡೆ ಇರುವ ನಮ್ಮ ಮನೆಗೆ ಫೋನು ಮಾಡಿ ಇದೇ ಮಾತು ಹೇಳಿದರೆ ಅಮ್ಮ ಕೇಳುವುದು, "ಹುಂಜ ಎಷ್ಟಿತ್?" ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಹೇಳಲು ಈ ಅಂಕಣದಷ್ಟು ಜಾಗ ಬೇಕು.

ಜಾಗ ವಸೈಯಲ್ಲಿದೆ. ವಿರಾರ್ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಭಾಯಂದರ್ ಖಾಡಿ ದಾಟಿದವರಿಗೆ ಗೊತ್ತು, ಆಚೆ ಬದಿಯಲ್ಲಿ ಗಾಳಿಯೇ ಬೇರೆ. ಸ್ಟೇಷನ್ನಿನ ಸುತ್ತ ಕಟ್ಟಡಗಳ ಕಾಡು ಇದ್ದರೂ ಪಶ್ಚಿಮಕ್ಕೆ, ಸಮುದ್ರದ ಕಡೆ ಹೋದಂತೆ ಬಾವಿ, ಬಾಳೆ ತೋಟ, ತೆಂಗು, ವೀಳ್ಯದೆಲೆ ಇನ್ನೂ ಉಳಿದಿವೆ. ಈ ತೋಟಗಳಿಗೆ ಇಲ್ಲಿ ವಾಡಿ ಎನ್ನುತ್ತಾರೆ. ಬಾಳೆಹಣ್ಣನ್ನು ಸುಲಿದು ಬಿಸಿಲಲ್ಲಿ ಒಣಗಿಸಿ ಸುಕೇಳಿ ಮಾಡುವ ಹಳೆಯ ಕ್ರೈಸ್ತ ಕುಟುಂಬಗಳು ಇರುವುದು ಇಲ್ಲೇ. ನಮ್ಮದು ಆ ವಾಡಿಗಳಿಗೆ ತಾಗಿಕೊಂಡ, ಹದಿನಾರು ಮನೆಗಳ ರೋ ಹೌಸ್ ಸೊಸೈಟಿ. ಪ್ರತಿ ಮನೆಗೂ ಹಿಂದೆ ಒಂದು ಹಿತ್ತಲು. ಹಿತ್ತಲು ಎಂದರೆ ನಮ್ಮೂರಲ್ಲಿ ಒಂದು ಬಚ್ಚಲುಕೊಟ್ಟಿಗೆಗೆ ಸಾಲುವಷ್ಟು ನೆಲ. ಮುಂಬೈ ಲೆಕ್ಕದಲ್ಲಿ ಅದು ಒಂದು ಬೆಡ್‌ರೂಮಿನ ಫ್ಲ್ಯಾಟು.

2020ರ ಲಾಕ್‌ಡೌನಿನಲ್ಲಿ ಅಲ್ಲಿ ಕೋಳಿ ಬಂದವು. ಹಿಂಬದಿಯ ವಾಡಿಯ ಮಾವಶಿಯಿಂದ ಎರಡು ನಾಟಿ ಹೇಂಟೆ, ಒಂದು ಹುಂಜ. ವ್ಯಾಪಾರಿಯೊಬ್ಬನಿಂದ ನಾಲ್ಕು ಗಿರಿರಾಜ ಮರಿ. ಗಿರಿರಾಜ ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿದ ತಳಿ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅದು 'ಗಿರಿರಾಜ್' ಆಗಿ ಚೆನ್ನಾಗಿ ಬೇರು ಬಿಟ್ಟಿದೆ. ಪರವೂರಲ್ಲಿ ಊರಿನವರು ಸಿಕ್ಕಷ್ಟೇ ಖುಷಿ ನನಗೆ. ಇನ್ನೊಂದು ನಂಟೂ ಇದೆ. ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಗಳು ದೇಶದಲ್ಲಿ ನಾಲ್ಕು: ಚಂಡೀಗಢ, ಭುವನೇಶ್ವರ, ನಮ್ಮ ಹೆಸರಘಟ್ಟ, ಮತ್ತೆ ಮುಂಬೈ. ಮುಂಬೈಯದು ಇರುವುದು ಗೋರೆಗಾಂವ್‌ನ ಆರೆ ಕಾಲೊನಿಯಲ್ಲಿ. ಚಿರತೆಗೂ ಮೆಟ್ರೋ ಕಾರ್‌ಶೆಡ್ಡಿಗೂ ಹೆಸರಾದ ಅದೇ ಆರೆ.

ಸಾಕಲು ಶುರುಮಾಡಿದ ಮೇಲೆ ತಿಳಿಯುವ ಮೊದಲ ಸಂಗತಿ, ನಾಟಿಗೂ ಗಿರಿರಾಜಕ್ಕೂ ಇರುವ ಸ್ವಭಾವದ ವ್ಯತ್ಯಾಸ. ಗಿರಿರಾಜ ವರ್ಷಕ್ಕೆ ಹತ್ತಿರ ಹತ್ತಿರ 140-150 ಮೊಟ್ಟೆ ಕೊಡುತ್ತದೆ. ನಾಟಿ ಅದರ ಅರ್ಧ. ಆದರೆ ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮೊಟ್ಟೆ ಇಟ್ಟು, ಎದ್ದು, ಕೊಡವಿಕೊಂಡು ಹೊರಟೇ ಬಿಡುತ್ತದೆ, ಎಂಟು ಇಪ್ಪತ್ತರ ಲೋಕಲ್ ಹಿಡಿಯಬೇಕಾದವರ ಹಾಗೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆ ಇಟ್ಟಮೇಲೆ ಗೂಡಿನಲ್ಲಿ ಗಟ್ಟಿಯಾಗಿ ಕೂತು, ಹತ್ತಿರ ಹೋದರೆ ಗರಿ ಕೆದರಿ ಕುಟುಕಲು ಬರುತ್ತದೆ.

ನನ್ನ ಹೆಂಡತಿ ಧಾರವಾಡದವಳು. ಮೊಟ್ಟೆಗೆ ಅವಳ ಬಾಯಲ್ಲಿ ತತ್ತಿ. ಒಂಬತ್ತು ವರ್ಷದ ಮಗಳು ಆ ಪದವನ್ನು ಗೆಳತಿಯರ ಎದುರು ಸುತರಾಂ ಹೇಳುವುದಿಲ್ಲ. ಕಾರಣ ಹಿಂದಿ ಬಲ್ಲ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಹೇಂಟೆ, ಯಾಟೆ, ಹುಂಜ, ಕಾವು, ನುಚ್ಚು, ತೌಡು ಎಂಬ ಪದಗಳು ಅವಳಿಗೆ ಕೋಳಿಗಳಿಂದಲೇ ಬಂದವು. ಭಾನುವಾರದ ಕನ್ನಡ ಪಾಠದಲ್ಲಿ ನಾನು ಎಷ್ಟು ತಿಣುಕಿದರೂ ಬರುತ್ತಿರಲಿಲ್ಲ.

ಈಗ ಹುಂಜದ ವಿಷಯಕ್ಕೆ ಬರುತ್ತೇನೆ. ಹುಂಜ ಬೆಳಗಾದಾಗ ಕೂಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಕೂಗುವುದು ಬೆಳಗಾಗುವ ಮುಂಚೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುವಂತೆ, ಹುಂಜದ ಮೈಯೊಳಗೇ ಒಂದು ಗಡಿಯಾರ ಇದೆ. ದಿನವಿಡೀ ಒಂದೇ ಮಂದ ಬೆಳಕಿನಲ್ಲಿ ಇಟ್ಟರೂ ಅದು ಹೊತ್ತಿಗೆ ಸರಿಯಾಗಿ ಕೂಗುತ್ತದೆ. ಅದರ ಮೇಲೆ ಹೊರಗಿನ ಬೆಳಕು, ಬೇರೆ ಹುಂಜದ ದನಿ ಕೂಡ ಕೂಗಲು ಪ್ರಚೋದನೆ. ನಮ್ಮ ಓಣಿಯಲ್ಲಿ ಹಾಲಿನ ಟೆಂಪೊ ಬರುವುದು ನಾಲ್ಕು ಗಂಟೆಗೆ. ಅದರ ಹೆಡ್‌ಲೈಟು ಹಿತ್ತಲಿನ ಗೋಡೆ ಮೇಲೆ ಹರಿಯುತ್ತಿದ್ದಂತೆ ನಮ್ಮ ಹುಂಜದ ಸುಪ್ರಭಾತ. ವಾಡಿಯ ಹುಂಜಗಳಿಂದ ಮರುತ್ತರ. ಆಮೇಲೆ ಒಂಬತ್ತಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನಕ್ಕೆ, ಮನಸ್ಸು ಬಂದಾಗ.

ಪಕ್ಕದ ಮನೆಯಲ್ಲಿ ಇರುವವರು ಆಸ್ಪತ್ರೆಯೊಂದರ ನರ್ಸ್. ಕೋವಿಡ್ ಕಾಲ, ರಾತ್ರಿ ಪಾಳಿ. ಬೆಳಿಗ್ಗೆ ಎಂಟೂವರೆಗೆ ಮನೆಗೆ ಬಂದು ಮಲಗಿದರೆ ಗೋಡೆಯಾಚೆ ಹುಂಜ. ಮೂರು ವಾರ ಸುಮ್ಮನಿದ್ದು ಒಂದು ದಿನ ಗೇಟಿನ ಬಳಿ ನಿಂತು, "ದಾದಾ, ತುಮಚಾ ಕೋಂಬಡಾ ಮಲಾ ಝೋಪೂ ದೇತ್ ನಾಹೀ" ಅಂದರು. ನಿಮ್ಮ ಹುಂಜ ನನಗೆ ನಿದ್ದೆ ಮಾಡಲು ಬಿಡುತ್ತಿಲ್ಲ ಎಂದು. ಸಿಟ್ಟಿನ ಮಾತಾಗಿದ್ದರೆ ಎದುರು ಮಾತಾಡಬಹುದಿತ್ತು. ಅವರ ಕಣ್ಣು ನೋಡಿದ ಮೇಲೆ ಆಡುವ ಮಾತೇನೂ ಉಳಿಯಲಿಲ್ಲ.

ಅಷ್ಟರಲ್ಲಿ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲೂ ಕೋಳಿ ಕೂಗಿತ್ತು. ಒಬ್ಬರು ಶಬ್ದಮಾಲಿನ್ಯ ನಿಯಮ ಹಾಕಿದರು: ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್. ಇನ್ನೊಬ್ಬರು, ಹಾಗಾದರೆ ನಿಮ್ಮ ಮಗನ ಬುಲೆಟ್ ಎಷ್ಟು ಡೆಸಿಬಲ್ ಎಂದು ಕೇಳಿದರು. ಮಾತು ಕೋಳಿಯನ್ನು ಬಿಟ್ಟು ಪಾರ್ಕಿಂಗಿಗೆ, ಪಾರ್ಕಿಂಗಿನಿಂದ ನೀರಿನ ಟ್ಯಾಂಕರಿಗೆ ಹೋಯಿತು. ಕಮಿಟಿ ಸಭೆಯಲ್ಲಿ ಮಾತ್ರ ತೀರ್ಮಾನ ಚಿಕ್ಕದಾಗಿತ್ತು. ಹೇಂಟೆ ಇರಲಿ, ಗೂಡು ಚೊಕ್ಕವಾಗಿರಲಿ, ಹುಂಜ ಬೇಡ.

ಹುಂಜ ಕತ್ತು ಚಾಚಿ ನಿಲ್ಲಲಾಗದಷ್ಟು ತಗ್ಗಿನ ಪೆಟ್ಟಿಗೆಯಲ್ಲಿ ರಾತ್ರಿ ಇಡುವ ಉಪಾಯವನ್ನು ಕೆಲವರು ಹೇಳಿದರು. ಹಗಲು ಮಲಗುವವರಿಗೆ ಅದರಿಂದ ಏನು ಪ್ರಯೋಜನ? ಮತ್ತೆ ಕೆಲವರು ದಿನಕ್ಕೆ ಎರಡು ಸಲ ರೇಟು ಕೇಳತೊಡಗಿದರು, ಏಕೆಂದರೆ ಗಟಾರಿ ಹತ್ತಿರ ಬಂದಿತ್ತು. ಶ್ರಾವಣ ಹಿಡಿಯುವ ಮುನ್ನಾದಿನದ ಅಮಾವಾಸ್ಯೆಗೆ ಮಹಾರಾಷ್ಟ್ರದಲ್ಲಿ ಕೋಳಿಗೆ ಬರುವ ಬೇಡಿಕೆ ನೋಡಬೇಕು. ಅದೇ ಅಮಾವಾಸ್ಯೆ ನಮಗೆ ಆಸಾಡಿ ಅಮಾವಾಸ್ಯೆ, ತುಳುವರಿಗೆ ಆಟಿ ಅಮಾವಾಸ್ಯೆ. ಇಲ್ಲಿನವರು ಕೋಳಿ ಹುಡುಕುವ ಹೊತ್ತಿಗೆ ನಮ್ಮೂರಿನಲ್ಲಿ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ. ವಿಶ್ವ ಕುಂದಾಪ್ರ ಕನ್ನಡ ದಿನವೂ ಅಂದೇ. ಕೋಳಿ ಸಾರನ್ನು ನಾನು ಬಿಟ್ಟವನಲ್ಲ, ಆದರೆ ಮಗಳು ಹೆಸರಿಟ್ಟು ಕರೆಯುವ ಹುಂಜವನ್ನು ಸಾರಿಗೆ ಹಾಕುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾವಶಿ ಬಂದು, ಬಾಳೆ ಬುಟ್ಟಿಯೊಳಗೆ ಹಾಕಿ, ತನ್ನ ವಾಡಿಗೆ ಒಯ್ದರು. ಅಲ್ಲಿಂದಲೂ ಕೂಗು ಕೇಳುತ್ತದೆ, ದೂರದಿಂದ, ಹದವಾಗಿ.

ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಆಫೀಸಿನಲ್ಲಿ ಅರ್ಧ ಜನ ಇದನ್ನು ನಂಬುವುದಿಲ್ಲ. ತೊಂದರೆ ಇರುವುದು ಕಾವಿನಲ್ಲಿ. ಆ ವರ್ಷ ಮಳೆ ಹಿಂದೆಗೆದ ಮೇಲೆ ನಾಟಿ ಹೇಂಟೆಯೊಂದು ಬರಿಗೂಡಿನಲ್ಲಿ ಕೂತುಬಿಟ್ಟಿತು. ಮೊಟ್ಟೆ ತೆಗೆದರೂ ಏಳಲಿಲ್ಲ. ದಿನಕ್ಕೊಮ್ಮೆ ಇಳಿದು ನಾಲ್ಕು ಕಾಳು ತಿಂದು ಮತ್ತೆ ಅಲ್ಲೇ. ಒದ್ದೆ ಬುಟ್ಟಿಯ ಕೆಳಗೆ ಮುಚ್ಚಿ ಕಾವು ಬಿಡಿಸುವ ಕ್ರಮ ಊರಲ್ಲಿ ಉಂಟು. ಅಮ್ಮನಿಗೆ ಹೇಳಿದರೆ, "ಕಾವಿಗ್ ಕೂತ್ ಕೋಳಿನ್ ಮುಟ್ಟುಕಾಗ ಮಗಾ, ಮೊಟ್ಟಿ ತಂದ್ ಇಡು" ಎಂದರು. ಮಾವಶಿಯ ವಾಡಿಯಿಂದ ಹನ್ನೊಂದು ಮೊಟ್ಟೆ ತಂದು ಇಟ್ಟೆವು. ಬೆಸ ಸಂಖ್ಯೆಯೇ ಆಗಬೇಕು ಎಂಬುದು ಅಮ್ಮನ ಷರತ್ತು. ಏಳನೆಯ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಒಂದೊಂದನ್ನೇ ಹಿಡಿದು ನೋಡಿದಾಗ ಒಂಬತ್ತರಲ್ಲಿ ಜೇಡನ ಕಾಲಿನಂಥ ಕೆಂಪು ಗೆರೆ. ಎರಡು ಬರೀ ನೀರು. ಇಪ್ಪತ್ತೊಂದನೆಯ ದಿನ ಎಂಟು ಮರಿ ಹೊರಬಂದವು. ಮಗಳು ಆನ್‌ಲೈನ್ ಕ್ಲಾಸಿನ ಕ್ಯಾಮೆರಾವನ್ನು ಗೂಡಿನ ಕಡೆ ತಿರುಗಿಸಿದ್ದರಿಂದ ಮೂವತ್ತು ಮನೆಗಳು ಅದನ್ನು ನೋಡಿದವು. ಟೀಚರ್ ಗಣಿತ ನಿಲ್ಲಿಸಿದರಂತೆ.

ಕಷ್ಟಗಳನ್ನೂ ಹೇಳಬೇಕಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೂಡಿನ ನೆಲ ಒಣಗಿಸುವುದೇ ಕೆಲಸ. ಒದ್ದೆ ಹೊಟ್ಟಿನಲ್ಲಿ ಮರಿಗಳಿಗೆ ರಕ್ತಭೇದಿ ಬರುತ್ತದೆ, ಬೂಷ್ಟು ಹಿಡಿದ ಮೇವು ವಿಷವಾಗುತ್ತದೆ. ನೆಲದಿಂದ ಎರಡು ಅಡಿ ಎತ್ತರದ ಗೂಡು, ವಾರಕ್ಕೊಮ್ಮೆ ಸುಣ್ಣದ ಪುಡಿ, ಹೊಟ್ಟು ಬದಲಾವಣೆ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಕಣ್ಣಿಗೆ ಲಸಿಕೆಯ ಹನಿ. ಮರಾಠಿಯಲ್ಲಿ ಈ ರೋಗಕ್ಕೆ ಮಾನಮೋಡಿ, ಅಂದರೆ ಕತ್ತು ಮುರಿಯುವುದು, ಎನ್ನುತ್ತಾರೆ. ಕತ್ತು ತಿರುಚಿಕೊಂಡ ಕೋಳಿಯನ್ನು ಕಂಡವರಿಗೆ ಆ ಹೆಸರು ಮರೆಯುವುದಿಲ್ಲ. ಮುಂಗುಸಿ, ಹೆಗ್ಗಣ, ಕಾಗೆ ಇವು ಬೇರೆ. ಎಂಟು ಮರಿಗಳಲ್ಲಿ ಎರಡನ್ನು ಹಾಡಹಗಲೇ ಕಾಗೆ ಎತ್ತಿಕೊಂಡು ಹೋಯಿತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಇವೆಲ್ಲಕ್ಕಿಂತ ನಿದ್ದೆಗೆಡಿಸಿದ್ದು 2022ರ ಫೆಬ್ರುವರಿ. ಠಾಣೆ ಜಿಲ್ಲೆಯ ಶಹಾಪುರ ತಾಲ್ಲೂಕಿನ ವೆಹಳೋಳಿಯಲ್ಲಿ ಹಕ್ಕಿ ಜ್ವರ ಪತ್ತೆಯಾಗಿ ಸುಮಾರು 25 ಸಾವಿರ ಕೋಳಿಗಳನ್ನು ಕೊಲ್ಲಲು ನಿರ್ಧಾರವಾಯಿತು. ನಾಲ್ಕೇ ದಿನಗಳಲ್ಲಿ ವಸೈ-ವಿರಾರ್ ಭಾಗದಲ್ಲೂ ಸೋಂಕು ಕಂಡುಬಂದ ಸುದ್ದಿ. ನಿಯಮದ ಪ್ರಕಾರ ಸೋಂಕು ದೃಢಪಟ್ಟ ಜಾಗದ ಸುತ್ತ ಒಂದು ಕಿಲೋಮೀಟರಿನಲ್ಲಿ ಇರುವ ಕೋಳಿಗಳೆಲ್ಲ ಹೋಗಬೇಕು, ಹತ್ತು ಕಿಲೋಮೀಟರಿನವರೆಗೆ ನಿಗಾ. ಪರಿಹಾರ ಕೊಡುತ್ತಾರೆ, ಕೇಂದ್ರ ಅರ್ಧ, ರಾಜ್ಯ ಅರ್ಧ. ಆದರೆ ಆ ಒಂದು ಕಿಲೋಮೀಟರಿನ ವೃತ್ತಕ್ಕೆ ಫಾರಂನ ಹತ್ತು ಸಾವಿರವೂ ಒಂದೇ, ಹಿತ್ತಲಿನ ಒಂಬತ್ತೂ ಒಂದೇ. ದಿನವೂ ಲೋಕಲ್‌ನಲ್ಲಿ ಕೂತು ನಕ್ಷೆ ಬಿಡಿಸಿ ದೂರ ಅಳೆಯುತ್ತಿದ್ದೆ. ಗೂಡಿಗೆ ಬಲೆ ಕಟ್ಟಿ, ಕಾಗೆ ಇಳಿಯದ ಹಾಗೆ ಮುಚ್ಚಿ, ಬೇರೆ ಚಪ್ಪಲಿ ಹಾಕಿ ಒಳಗೆ ಹೋಗುತ್ತಿದ್ದೆವು. ಏನೆಲ್ಲ ಮಾಡಬೇಕು ಎಂದು ಪಟ್ಟಿ ಬರೆದುಕೊಟ್ಟವರು ಪಕ್ಕದ ಮನೆಯ ನರ್ಸ್. ಮೊಟ್ಟೆಯನ್ನು ಪೂರ್ತಿ ಬೇಯಿಸಿಯೇ ತಿನ್ನಿ ಎಂದು ಎರಡು ಸಲ ಗೆರೆ ಎಳೆದಿದ್ದರು. ನಮ್ಮ ಕಡೆಗೆ ಯಾರೂ ಬರಲಿಲ್ಲ. ಮಾರ್ಚ್ ಕೊನೆಗೆ ಬಲೆ ಸಡಿಲಿಸಿದೆವು.

ಅಂದಿನಿಂದ ವಾಡಿಗೂ ಹಿತ್ತಲಿಗೂ ಒಂದು ಒಪ್ಪಂದ ನಡೆದುಬಂದಿದೆ. ಕಾವಿನ ಮೊಟ್ಟೆ ಮಾವಶಿಯದು, ಕೂರುವ ಹೇಂಟೆ ನಮ್ಮದು. ಎರಡೂವರೆ ಮೂರು ತಿಂಗಳಾಗುವಾಗ ಮರಿಹುಂಜ ಗಂಟಲು ಸರಿಮಾಡಿಕೊಳ್ಳತೊಡಗುತ್ತದೆ, ಅರ್ಧ ಒಡೆದ ದನಿಯಲ್ಲಿ. ಅದನ್ನು ಮೊದಲು ಕೇಳಿಸಿಕೊಳ್ಳುವವರು ನರ್ಸ್. "ದಾದಾ, ಏಕ್ ತಯಾರ್ ಝಾಲಾ" ಎಂದು ಸಂದೇಶ ಬರುತ್ತದೆ. ಅವತ್ತೇ ಸಂಜೆ ಅದು ವಾಡಿಗೆ. ಯಾಟೆಗಳು ನಮ್ಮಲ್ಲೇ ಉಳಿಯುತ್ತವೆ. ನರ್ಸ್ ಮನೆಗೆ ವಾರಕ್ಕೆ ಆರು ಮೊಟ್ಟೆ, ಅದಕ್ಕೆ ಲೆಕ್ಕವಿಲ್ಲ. ಹುಂಜಗಳನ್ನು ಮಾವಶಿ ಕ್ರಿಸ್ಮಸ್ ಹತ್ತಿರ ಮಾರುತ್ತಾರೆ. ಎಷ್ಟಕ್ಕೆ ಎಂದು ನಾನು ಕೇಳುವುದಿಲ್ಲ, ಮಗಳ ಎದುರಂತೂ ಕೇಳುವುದೇ ಇಲ್ಲ. ಈ ಸಲದ ಒಂಬತ್ತು ಮರಿಗಳಲ್ಲಿ ಆರು ಹುಂಜ. ಅಮ್ಮನಿಗೆ ಫೋನಿನಲ್ಲಿ ಆ ಲೆಕ್ಕವನ್ನೇ ಒಪ್ಪಿಸಿದೆ.