ಡೇರಿಯ ಕಡತ ಕೆಲಸಕ್ಕೆ ಎಐ ಸಹಾಯಕ: ಏನು ಒಪ್ಪಿಸಬೇಕು, ಏನು ಒಪ್ಪಿಸಬಾರದು

ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯ ದಿನವೆಲ್ಲ ಎರಡು ಹೊತ್ತಿನ ಹಾಲಿನ ನಡುವೆ ಹಂಚಿಹೋಗಿರುತ್ತದೆ. ಮುಂಜಾನೆ ಹಾಲು ಅಳೆದು, ಫ್ಯಾಟ್ ನೋಡಿ, ಕ್ಯಾನು ಗಾಡಿಗೆ ಏರಿಸಿ, ಟ್ರಕ್ ಶೀಟ್ ಮುಗಿಸುವಷ್ಟರಲ್ಲಿ ಬಿಸಿಲು ಏರಿರುತ್ತದೆ. ಸಂಜೆ ಮತ್ತೆ ಅದೇ ಕೆಲಸ. ನಡುವೆ ಸಿಗುವ ನಾಲ್ಕಾರು ತಾಸಿನಲ್ಲಿ ಬಿಲ್ಲು, ಠರಾವು, ಸಭೆಯ ನೋಟಿಸು, ಪ್ರೋತ್ಸಾಹಧನದ ಪಟ್ಟಿ, ಪಶು ಆಹಾರದ ಬೇಡಿಕೆ, ಲೆಕ್ಕಪರಿಶೋಧಕರ ಪ್ರಶ್ನೆಗೆ ಉತ್ತರ, ಎಲ್ಲವೂ ಮುಗಿಯಬೇಕು. ಇಷ್ಟರಲ್ಲಿ ಒಬ್ಬ ಸದಸ್ಯ ಬಂದು "ನನ್ನ ಬಿಲ್ಲಿನ್ಯಾಗ ಈ ಸಲ ಯಾಕ ಕಡಿಮಿ ಬಂದೈತಿ?" ಎಂದು ಕೇಳಿದರೆ, ಕೂಡಿಸಿಕೊಂಡು ವಿವರಿಸಲು ಹೊತ್ತೇ ಉಳಿದಿರುವುದಿಲ್ಲ.

ಈ ಕಡತ ಕೆಲಸವನ್ನು ಹಗುರ ಮಾಡಬಲ್ಲ ಒಂದು ಸಾಧನ ಈಗ ನಾವು ದಿನವೂ ಬಳಸುವ ಸಾಫ್ಟ್‌ವೇರ್‌ನೊಳಗೇ ಬಂದಿದೆ. ವರ್ಡ್ ಮತ್ತು ಎಕ್ಸೆಲ್‌ನಲ್ಲಿ ಮೈಕ್ರೋಸಾಫ್ಟ್‌ನ ಕೋಪೈಲಟ್, ಗೂಗಲ್ ಡಾಕ್ಸ್ ಮತ್ತು ಶೀಟ್ಸ್‌ನಲ್ಲಿ ಜೆಮಿನಿ. ಇವನ್ನು ಎಐ ಸಹಾಯಕ ಎನ್ನುತ್ತಾರೆ. ಜೆಮಿನಿಯ ಮೊಬೈಲ್ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಕನ್ನಡವೂ ಸೇರಿ 9 ಭಾರತೀಯ ಭಾಷೆಗಳಲ್ಲಿ ಬಂತು. ಸಾಫ್ಟ್‌ವೇರ್‌ನೊಳಗೆ ಬರುವ ಸಹಾಯಕಕ್ಕೆ ಸಾಮಾನ್ಯವಾಗಿ ಚಂದಾ ಕಟ್ಟಬೇಕಾಗುತ್ತದೆ. ಹಳೆಯ ಆಫೀಸ್ 2007, 2010 ಇರುವ ಕಂಪ್ಯೂಟರ್‌ಗಳಲ್ಲಿ ಅದು ಸಿಗುವುದಿಲ್ಲ. ಅಂಥ ಕಡೆ ಉಚಿತವಾಗಿ ಸಿಗುವ ಜೆಮಿನಿ, ಕೋಪೈಲಟ್ ಅಥವಾ ಚಾಟ್‌ಜಿಪಿಟಿಯಲ್ಲಿ ಬರೆಸಿ, ಅದನ್ನು ನಮ್ಮ ಕಡತಕ್ಕೆ ತಂದುಕೊಂಡರೂ ಕೆಲಸ ನಡೆಯುತ್ತದೆ.

ಮೊದಲೇ ತಿಳಿದಿರಬೇಕಾದ ಮಾತೊಂದಿದೆ. ಇದು ತೂಕದ ಯಂತ್ರದ ಹಾಗೆ ಇದ್ದದ್ದನ್ನು ಅಳೆದು ಹೇಳುವ ಸಾಧನವಲ್ಲ. ಅಪಾರ ಬರಹ ಓದಿ, ಯಾವ ಮಾತಿನ ಮುಂದೆ ಯಾವ ಮಾತು ಬರಬಹುದೆಂದು ಅಂದಾಜು ಮಾಡಿ ಬರೆಯುವ ಸಾಧನ. ಹೀಗಾಗಿ ಬರವಣಿಗೆ ಇದಕ್ಕೆ ಸಲೀಸು. ಆದರೆ ಗೊತ್ತಿಲ್ಲದ ಕಡೆಯೂ ಗೊತ್ತಿದ್ದವರ ಧಾಟಿಯಲ್ಲೇ ಬರೆದುಬಿಡುತ್ತದೆ.

ಯಾವ ಕೆಲಸಕ್ಕೆ ಒಳ್ಳೆಯದು?

ಮೊದಲನೆಯದು ನೋಟಿಸು ಮತ್ತು ಪತ್ರ. ಸರ್ವ ಸದಸ್ಯರ ಸಭೆ, ಕಾಲುಬಾಯಿ ಬೇನೆಯ ಲಸಿಕೆ, ಮೇವಿನ ಬೀಜದ ಹಂಚಿಕೆ, ಹೀಗೆ ವರ್ಷ ವರ್ಷವೂ ಅದೇ ಬಗೆಯ ನೋಟಿಸು ಬರೆಯುತ್ತೇವೆ. ವಿಷಯ ಕೊಟ್ಟರೆ ಕರಡು ಸಿದ್ಧವಾಗುತ್ತದೆ.

ಎರಡನೆಯದು ಸುತ್ತೋಲೆಯ ಸಾರ. ಮೇಲಿನಿಂದ ಬರುವ ಐದಾರು ಪುಟದ ಸುತ್ತೋಲೆಯನ್ನು ಕೊಟ್ಟು, "ಸದಸ್ಯರು ಮಾಡಬೇಕಾದ್ದು ಏನು, ಕಾರ್ಯದರ್ಶಿ ಮಾಡಬೇಕಾದ್ದು ಏನು, ಕೊನೆಯ ದಿನಾಂಕ ಯಾವುದು ಎಂದು ಅರ್ಧ ಪುಟದಲ್ಲಿ ಬರೆ" ಎನ್ನಬಹುದು. ದಿನಾಂಕವನ್ನು ಮಾತ್ರ ಮೂಲ ಸುತ್ತೋಲೆಯ ಜೊತೆ ತಾಳೆ ನೋಡಲೇಬೇಕು.

ಮೂರನೆಯದು ಎಕ್ಸೆಲ್‌ನ ಸೂತ್ರ. ಯಾವ ಸದಸ್ಯರ ಹಾಲು ಕಳೆದ ತಿಂಗಳಿಗಿಂತ ಇಳಿದಿದೆ, ಒಂದೇ ಸದಸ್ಯ ಸಂಖ್ಯೆ ಎರಡು ಕಡೆ ಬಂದಿದೆಯೇ ಎಂದು ಹುಡುಕುವ ಸೂತ್ರವನ್ನು ಅದು ಬರೆದುಕೊಡುತ್ತದೆ. ಸೂತ್ರ ಸಹಾಯಕ ಬರೆಯಲಿ, ಲೆಕ್ಕ ಎಕ್ಸೆಲ್ ಮಾಡಲಿ. ಆಗ ಸೂತ್ರ ನಮ್ಮ ಕಣ್ಣಮುಂದೆ ಇರುತ್ತದೆ, ತಪ್ಪಿದ್ದರೆ ಹುಡುಕಿ ಹಿಡಿಯಬಹುದು.

ಕೇಳುವ ಬಗೆ

"ಲಸಿಕೆ ಬಗ್ಗೆ ನೋಟಿಸು ಬರೆ" ಎಂದಷ್ಟೇ ಹೇಳಿದರೆ ಎಲ್ಲಿಗೂ ಹೊಂದದ ಪುಸ್ತಕದ ಭಾಷೆಯ ನೋಟಿಸು ಬರುತ್ತದೆ. ಹೊಸದಾಗಿ ಸೇರಿದ ಸಿಬ್ಬಂದಿಗೆ ತಿಳಿಸಿ ಹೇಳುವಂತೆ ಹೇಳಬೇಕು. ಉದಾಹರಣೆಗೆ: "ನಾನು ಕುಂದಗೋಳ ತಾಲ್ಲೂಕಿನ ಹಾಲು ಸಂಘದ ಕಾರ್ಯದರ್ಶಿ. ಸದಸ್ಯರಿಗೆ ಕಾಲುಬಾಯಿ ಬೇನೆ ಲಸಿಕೆಯ ನೋಟಿಸು ಬೇಕು. ದಿನ, ಹೊತ್ತು, ಜಾಗ ಇವು. 4 ತಿಂಗಳು ಮೇಲ್ಪಟ್ಟ ಎಲ್ಲ ಆಕಳು, ಎಮ್ಮೆ, ಕರುಗಳನ್ನು ತರಬೇಕು. ಕಿವಿಗೆ 12 ಅಂಕಿಯ ಓಲೆ ಇಲ್ಲದ ದನಗಳಿಗೆ ಅಲ್ಲಿಯೇ ಹಾಕುತ್ತಾರೆ. ಹತ್ತು ಸಾಲು ಮೀರಬಾರದು. ಹಸು ಎನ್ನಬೇಡ, ಆಕಳು ಎನ್ನು. ನಾನು ಹೇಳದ ಯಾವ ಮಾತನ್ನೂ ಸೇರಿಸಬೇಡ."

ಕೊನೆಯ ಸಾಲನ್ನು ಮರೆಯಬೇಡಿ, ಅದರಲ್ಲೂ ಠರಾವು ಬರೆಸುವಾಗ. ಸಭೆಯಲ್ಲಿ ಇಬ್ಬರು ವಿರೋಧಿಸಿದ್ದರೂ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ತಾನಾಗಿಯೇ ಬರೆದುಬಿಡುವ ಸಂಭವವಿದೆ. ಠರಾವುಗಳಲ್ಲಿ ಆ ಮಾತು ಅಷ್ಟು ರೂಢಿ. ಸೂಚಕರು, ಅನುಮೋದಕರು ಎಂದು ಸಭೆಗೆ ಬಾರದವರ ಹೆಸರನ್ನು ತುಂಬಿದರೂ ಆಶ್ಚರ್ಯವಿಲ್ಲ. ಠರಾವು ಪುಸ್ತಕ ಕಾನೂನಿನ ದಾಖಲೆ. ಕರಡು ಯಾರೇ ಬರೆದಿರಲಿ, ಸಹಿ ಅಧ್ಯಕ್ಷರದು ಮತ್ತು ಕಾರ್ಯದರ್ಶಿಯದು.

ನುಡಿಯ ಹಳೆಯ ಕಡತಗಳಿದ್ದರೆ

ನಮ್ಮ ಸಂಘಗಳ ಕಂಪ್ಯೂಟರಿನಲ್ಲಿ ಹಳೆಯ ಪತ್ರಗಳು ಹೆಚ್ಚಾಗಿ ನುಡಿ ಅಥವಾ ಬರಹದಲ್ಲಿ ಟೈಪ್ ಆದಂಥವು. ಆ ಹಳೆಯ ಅಕ್ಷರವಿನ್ಯಾಸದಲ್ಲಿ ಪರದೆಯ ಮೇಲೆ ಕಾಣುವುದು ಕನ್ನಡ, ಆದರೆ ಒಳಗೆ ಕಂಪ್ಯೂಟರ್ ಉಳಿಸಿಕೊಂಡಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಅದನ್ನು ಹಾಗೆಯೇ ಎಐ ಸಹಾಯಕಕ್ಕೆ ಕೊಟ್ಟರೆ ಅರ್ಥವಾಗದು, ಇಲ್ಲವೇ ಏನೋ ಒಂದು ಊಹಿಸಿ ಉತ್ತರ ಕೊಡುತ್ತದೆ. ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಬದಲಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಹೆಸರುಗಳನ್ನು ಒಮ್ಮೆ ಓದಿ ನೋಡಿ. ಇನ್ನು ಮುಂದಿನ ಟೈಪಿಂಗನ್ನು ಯುನಿಕೋಡ್‌ನಲ್ಲೇ ಮಾಡಿದರೆ ಈ ತೊಡಕು ಮತ್ತೆ ಬರುವುದಿಲ್ಲ.

ಲೆಕ್ಕದಲ್ಲಿ ಎಚ್ಚರ

ಇಲ್ಲಿ ತಪ್ಪಿದರೆ ರೈತನ ದುಡ್ಡು ತಪ್ಪುತ್ತದೆ. ಎರಡು ಉದಾಹರಣೆ ನೋಡಿ.

ಲ್ಯಾಕ್ಟೋಮೀಟರ್ ಓದಿನಿಂದ ಎಸ್‌ಎನ್‌ಎಫ್ ತೆಗೆಯುವ ಸೂತ್ರ ಒಂದೇ ಅಲ್ಲ. ಸಿಎಲ್‌ಆರ್ ಅನ್ನು 4ರಿಂದ ಭಾಗಿಸಿ, ಫ್ಯಾಟ್‌ನ 0.21 ಪಟ್ಟು ಮತ್ತು 0.36 ಕೂಡಿಸುವ ಸೂತ್ರವಿದೆ. ಫ್ಯಾಟ್‌ನ 0.25 ಪಟ್ಟು ಮತ್ತು 0.44 ಕೂಡಿಸುವ ಸೂತ್ರವೂ ಇದೆ. ಸಿಎಲ್‌ಆರ್ 28, ಫ್ಯಾಟ್ 4.0 ಇರುವ ಹಾಲಿಗೆ ಮೊದಲನೆಯದರಲ್ಲಿ 8.20, ಎರಡನೆಯದರಲ್ಲಿ 8.44 ಬರುತ್ತದೆ. ಹಾಲು ಅದೇ, ಉತ್ತರ ಬೇರೆ. "ಎಸ್‌ಎನ್‌ಎಫ್ ಎಷ್ಟು?" ಎಂದು ಕೇಳಿದರೆ ಸಹಾಯಕ ಯಾವುದೋ ಒಂದು ಸೂತ್ರ ಹಿಡಿದು ಉತ್ತರ ಕೊಡುತ್ತದೆ. ಒಕ್ಕೂಟ ಗೊತ್ತುಪಡಿಸಿದ ಸೂತ್ರ ಯಾವುದೋ ಅದನ್ನು ನಾವೇ ಬರೆದುಕೊಡಬೇಕು.

ಎರಡನೆಯದು ಸರಾಸರಿ. ಒಬ್ಬ ಸದಸ್ಯೆ ಮುಂಜಾನೆ 4.0 ಫ್ಯಾಟ್‌ನ 10 ಲೀಟರ್, ಸಂಜೆ 3.4 ಫ್ಯಾಟ್‌ನ 5 ಲೀಟರ್ ಹಾಕಿದ್ದಾರೆ ಎನ್ನಿ. ಎರಡು ಫ್ಯಾಟ್ ಕೂಡಿಸಿ ಎರಡರಿಂದ ಭಾಗಿಸಿದರೆ 3.7. ಆದರೆ ಮುಂಜಾನೆಯ ಹಾಲು ಹೆಚ್ಚು. ಲೀಟರ್ ಲೆಕ್ಕ ಹಿಡಿದರೆ 40 ಮತ್ತು 17 ಕೂಡಿ 57, ಅದನ್ನು 15ರಿಂದ ಭಾಗಿಸಿದರೆ 3.8. ಸರಿಯಾದ ಸರಾಸರಿ ಇದೇ. "ಸರಾಸರಿ ಫ್ಯಾಟ್ ತೆಗೆ" ಎಂದಷ್ಟೇ ಹೇಳಿದರೆ 3.7 ಬರುವ ಸಾಧ್ಯತೆ ಹೆಚ್ಚು. "ಲೀಟರ್ ಪ್ರಮಾಣಕ್ಕೆ ತಕ್ಕ ಸರಾಸರಿ" ಎಂದೇ ಹೇಳಬೇಕು. ಸೂತ್ರ ಬಂದ ಮೇಲೆ ಮೂರು ಸದಸ್ಯರ ಲೆಕ್ಕವನ್ನು ಕ್ಯಾಲ್ಕುಲೇಟರ್ ಹಿಡಿದು ಮಾಡಿ ನೋಡಿ. ಮೂರೂ ತಾಳೆಯಾದ ಮೇಲೆ ಉಳಿದವರಿಗೆ ಎಳೆಯಿರಿ.

ಸದಸ್ಯರ ಗುಟ್ಟು ಸಂಘದೊಳಗೇ ಇರಲಿ

ಲೀಟರ್ ಲೆಕ್ಕದ ಪ್ರೋತ್ಸಾಹಧನ ಸದಸ್ಯರ ಖಾತೆಗೆ ನೇರವಾಗಿ ಬೀಳುವುದರಿಂದ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಎಲ್ಲವೂ ಕಾರ್ಯದರ್ಶಿಯ ಕೈಯಲ್ಲಿವೆ. ಈ ಪಟ್ಟಿಯನ್ನು ಎಂದಿಗೂ ಇದ್ದ ಹಾಗೆಯೇ ಎಐ ಸಹಾಯಕಕ್ಕೆ ಕೊಡಬಾರದು. ಕೊಟ್ಟದ್ದು ನಮ್ಮ ಕಂಪ್ಯೂಟರ್ ದಾಟಿ ಹೊರಗಿನ ಕಂಪನಿಯ ಯಂತ್ರಕ್ಕೆ ಹೋಗುತ್ತದೆ. ಉಚಿತ ಸೇವೆಗಳಲ್ಲಿ ಆ ಮಾಹಿತಿಯನ್ನು ಮುಂದೆ ಯಂತ್ರ ಕಲಿಸಲು ಬಳಸುವುದೂ ಉಂಟು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಅದಕ್ಕಿಂತ ದೊಡ್ಡದು ಸದಸ್ಯರು ಸಂಘದ ಮೇಲೆ ಇಟ್ಟ ನಂಬಿಕೆ.

ದಾರಿ ಸುಲಭವಿದೆ. ಪಟ್ಟಿಯ ಪ್ರತಿ ಮಾಡಿಕೊಂಡು, ಹೆಸರು, ಆಧಾರ್, ಖಾತೆ, ಮೊಬೈಲ್‌ನ ಅಂಕಣಗಳನ್ನು ಅಳಿಸಿ, ಸದಸ್ಯ ಸಂಖ್ಯೆ ಮತ್ತು ಲೀಟರ್ ಮಾತ್ರ ಉಳಿಸಿ ಕೊಡಿ. ಆಧಾರ್‌ನಲ್ಲಿ ಬಸವ್ವ, ಪಾಸ್‌ಬುಕ್ಕಿನಲ್ಲಿ ಬಸಮ್ಮ ಎಂದಿರುವಂಥ ವ್ಯತ್ಯಾಸ ಹುಡುಕಬೇಕಾದರೆ, ಎರಡು ಅಂಕಣ ಹೋಲಿಸುವ ಸೂತ್ರವನ್ನಷ್ಟೇ ಕೇಳಿ ಪಡೆದು, ಅದನ್ನು ನಮ್ಮ ಎಕ್ಸೆಲ್‌ನಲ್ಲಿ ನಾವೇ ಹಾಕಿಕೊಳ್ಳಬಹುದು. ಆಗ ಒಂದು ಹೆಸರೂ ಹೊರಗೆ ಹೋಗುವುದಿಲ್ಲ.

ಉಳಿದ ಹೊತ್ತು ಯಾರದು?

1905ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿದಾಗ ಕಂಪ್ಯೂಟರ್ ಇರಲಿಲ್ಲ. ಲೆಕ್ಕವೆಲ್ಲ ಕೈಬರಹದ ಪುಸ್ತಕದಲ್ಲಿ. ಆದರೆ ಲೆಕ್ಕ ತಮ್ಮದು, ಕೇಳಿದರೆ ಹೇಳುವವರು ಇದ್ದಾರೆ ಎಂಬ ಭರವಸೆ ಸದಸ್ಯರಿಗೆ ಇದ್ದರೆ ಮಾತ್ರ ಸಂಘ ಬಾಳುತ್ತದೆ. ಪುಸ್ತಕ ಹೋಗಿ ಕಂಪ್ಯೂಟರ್ ಬಂದರೂ ಈ ಮಾತು ಬದಲಾಗಿಲ್ಲ. "ಕಂಪ್ಯೂಟರ್ ಹಂಗ ತೋರಸ್ತೈತಿ" ಎಂಬುದು ಸದಸ್ಯರ ಪ್ರಶ್ನೆಗೆ ಉತ್ತರವಲ್ಲ. ನಾಳೆ "ಎಐ ಹಂಗ ಹೇಳೈತಿ" ಎಂಬುದೂ ಉತ್ತರವಾಗಲಾರದು.

ಹೀಗಾಗಿ ನೋಟಿಸು, ಪತ್ರಗಳಲ್ಲಿ ಉಳಿಯುವ ಹೊತ್ತು ಇನ್ನಷ್ಟು ಕಡತಕ್ಕೆ ಹೋಗದೆ, ಹಾಲು ಹಾಕಲು ಬಂದವರ ಪಾಲಿಗೆ ಬರಲಿ. ಬಿಲ್ಲು ಓದಲು ಬಾರದ ತಾಯಂದಿರಿಗೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಕಡಿತ ಒಂದೊಂದಾಗಿ ಓದಿ ಹೇಳಲು ಐದು ನಿಮಿಷ ಸಾಕು. ಸದಸ್ಯರೂ ಸಂಕೋಚಪಡದೆ ಕೇಳಬೇಕು. ಹಾಲು ಹಾಕಿದ ಪ್ರತಿ ಹೊತ್ತಿನ ಚೀಟಿ ಇಟ್ಟುಕೊಂಡು ಬಿಲ್ಲಿನ ಜೊತೆ ತಾಳೆ ನೋಡುವುದು ಅವರ ಹಕ್ಕು.

ಆರಂಭಕ್ಕೆ ಈ ತಿಂಗಳು ಒಂದೇ ಕೆಲಸ ಹಿಡಿಯಿರಿ. ಮುಂದಿನ ನೋಟಿಸಿನ ಕರಡನ್ನು ಎಐ ಸಹಾಯಕದಿಂದ ಬರೆಸಿ, ದಿನಾಂಕ, ಹೆಸರು, ಅಂಕಿ ಮೂರನ್ನೂ ಮೂಲದ ಜೊತೆ ತಾಳೆ ನೋಡಿ, ಒಬ್ಬ ಸದಸ್ಯರಿಗೆ ಓದಿ ಹೇಳಿ. ಅವರಿಗೆ ಒಂದೇ ಸಲಕ್ಕೆ ತಿಳಿದರೆ ಫಲಕಕ್ಕೆ ಅಂಟಿಸಿ. ತಿಳಿಯದಿದ್ದರೆ ಎಲ್ಲಿ ತಡವರಿಸಿದರೋ ಆ ಸಾಲನ್ನು ನಿಮ್ಮ ಮಾತಿನಲ್ಲಿ ತಿದ್ದಿ.